ಸೋರದ ಗ್ಯಾಸು, ಮುಚ್ಚಿದ ಬಾಗಿಲು: ಬಚ್ಚಲುಮನೆಯ ಗ್ಯಾಸ್ ಗೀಸರ್ ಬಗ್ಗೆ ಒಂದು ಪ್ರಕರಣ ಅಧ್ಯಯನ

ಡಿಸೆಂಬರ್ ಕೊನೆಯ ಬೆಳಗು, ಬೆಂಗಳೂರಿನ ಒಂದು ಬಾಡಿಗೆ ಮನೆ. ಬಚ್ಚಲುಮನೆ 5 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರ. ಗೋಡೆಯ ಮೇಲೆ ನಿಮಿಷಕ್ಕೆ 6 ಲೀಟರ್ ಬಿಸಿನೀರು ಕೊಡುವ ಗ್ಯಾಸ್ ಗೀಸರ್. ಅದಕ್ಕೆ ಹೊಗೆ ಕೊಳವೆ ಇಲ್ಲ, ಸುಟ್ಟ ಗಾಳಿಯೆಲ್ಲ ನೆತ್ತಿಯ ಸೀಳುಗಳಿಂದ ಅದೇ ಕೋಣೆಗೆ ಬರುತ್ತದೆ. ಚಳಿಯೆಂದು ಗಾಜಿನ ಪಟ್ಟಿಗಳ ಕಿಟಕಿ ಮುಚ್ಚಿದೆ. ಗಂಡ ಸ್ನಾನ ಮಾಡಿ ಹೊರಬಂದ ತಕ್ಷಣ ಹೆಂಡತಿ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಾಳೆ. ಹತ್ತು ಹನ್ನೆರಡು ನಿಮಿಷವಾದ ಮೇಲೆ ಒಳಗಿಂದ ಮಗ್ಗು ಬಿದ್ದ ಸದ್ದು. ಕೂಗಿದರೆ ಉತ್ತರವಿಲ್ಲ, ನೀರು ಸುರಿಯುತ್ತಲೇ ಇದೆ. ಬಾಗಿಲು ಒಡೆದು ನೋಡಿದರೆ ಆಕೆ ನೆಲದ ಮೇಲೆ, ಕೈಕಾಲು ಸೆಟೆದುಕೊಂಡಿವೆ.

ಇದು ಯಾರೋ ಒಬ್ಬರ ಮನೆಯ ಘಟನೆಯ ವರದಿಯಲ್ಲ. ಚಳಿಗಾಲದಲ್ಲಿ ನಮ್ಮ ಊರುಗಳ ತುರ್ತು ಚಿಕಿತ್ಸಾ ವಿಭಾಗಗಳಿಗೆ ಸಣ್ಣಪುಟ್ಟ ವ್ಯತ್ಯಾಸಗಳೊಂದಿಗೆ ಮತ್ತೆ ಮತ್ತೆ ಬರುವ ಸನ್ನಿವೇಶ. ಇಂಥದ್ದು ನಡೆದ ಮನೆಗಳಲ್ಲಿ ಮೊದಲು ಕೇಳುವ ಮಾತು ‘ಗ್ಯಾಸು ಲೀಕ್ ಆಗಿರಬೇಕು’. ಮೆಕ್ಯಾನಿಕ್ ಬರುತ್ತಾನೆ, ಪೈಪಿಗೆ ಸೋಪಿನ ನೀರು ಹಚ್ಚಿ ನೋಡುತ್ತಾನೆ, ಗುಳ್ಳೆ ಬರುವುದಿಲ್ಲ, ‘ಏನೂ ತೊಂದರೆಯಿಲ್ಲ ಸಾರ್’ ಎಂದು ಹೋಗುತ್ತಾನೆ. ಅವನು ಹೇಳಿದ್ದು ನಿಜ, ಸೋರಿಕೆ ಇರಲಿಲ್ಲ. ಆದರೆ ಹುಡುಕಿದ್ದೇ ತಪ್ಪು ವಸ್ತುವನ್ನು. ಇಲ್ಲಿ ಅಪಾಯ ಸೋರಿದ ಗ್ಯಾಸಿನದಲ್ಲ, ಗ್ಯಾಸು ಉರಿಯುವಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲದ್ದು. ಒಂದು ಹನಿ ಗ್ಯಾಸೂ ಸೋರದೆ, ಹೊಚ್ಚ ಹೊಸ ಗೀಸರಿನಲ್ಲೂ ಇದು ನಡೆಯಬಲ್ಲದು. ಯಾಕೆಂದು ತಿಳಿಯಲು ಒಂದಷ್ಟು ಲೆಕ್ಕ ಮಾಡಬೇಕು.

ಬೆಂಕಿಯ ಜಮಾಖರ್ಚು

ನಲ್ಲಿಯಲ್ಲಿ 18 ಡಿಗ್ರಿಯ ನೀರು ಬರುತ್ತಿದೆ, ಮೈಗೆ 43 ಡಿಗ್ರಿ ಬೇಕು ಎಂದುಕೊಳ್ಳೋಣ. ಅಂದರೆ 25 ಡಿಗ್ರಿ ಏರಿಕೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಬೇಕು. ನಿಮಿಷಕ್ಕೆ 6 ಲೀಟರಿಗೆ 150 ಕಿಲೋಕ್ಯಾಲರಿ. ಬೆಂಕಿಯ ಶಾಖವೆಲ್ಲ ನೀರಿಗೆ ಇಳಿಯುವುದಿಲ್ಲ, ಆರರಲ್ಲಿ ಒಂದು ಪಾಲಿನಷ್ಟು ಗಾಳಿಗೆ ಹೋಗುತ್ತದೆ. ಹಾಗಾಗಿ ಸುಮಾರು 180 ಕಿಲೋಕ್ಯಾಲರಿಯ ಗ್ಯಾಸು ಉರಿಯಬೇಕು. ಎಲ್‌ಪಿಜಿಯ ಒಂದು ಕಿಲೋ ಸುಮಾರು 11,000 ಕಿಲೋಕ್ಯಾಲರಿ ಕೊಡುತ್ತದೆ. ಲೆಕ್ಕ ಹಾಕಿದರೆ ನಿಮಿಷಕ್ಕೆ 16 ಗ್ರಾಂ. ಗಂಟೆಗೆ ಒಂದು ಕಿಲೋ ಸಮೀಪ. ಅಡುಗೆ ಒಲೆಯ ದೊಡ್ಡ ಬರ್ನರ್ ಪೂರ್ತಿ ಉರಿದರೂ ಇದರ ಕಾಲುಭಾಗದಷ್ಟು ಗ್ಯಾಸು ತಿನ್ನುವುದಿಲ್ಲ. ಅಂದರೆ ಕೈಯಗಲದ ಈ ಪೆಟ್ಟಿಗೆಯೊಳಗೆ ನಾಲ್ಕೈದು ಒಲೆಗಳ ಬೆಂಕಿ ಇದೆ.

ಎಲ್‌ಪಿಜಿ ಎಂದರೆ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಬ್ಯೂಟೇನನ್ನೇ ಹಿಡಿದರೆ, ಅದರ ಒಂದು ಅಣುವಿನಲ್ಲಿ 4 ಕಾರ್ಬನ್, 10 ಹೈಡ್ರೋಜನ್. ಪೂರ್ತಿ ಉರಿಯಲು ಆರೂವರೆ ಆಕ್ಸಿಜನ್ ಅಣು ಬೇಕು, ಹೊರಬರುವುದು 4 ಕಾರ್ಬನ್ ಡೈಆಕ್ಸೈಡ್, 5 ನೀರು. ನಿಮಿಷಕ್ಕೆ 16 ಗ್ರಾಮಿಗೆ ಇದನ್ನು ಅನ್ವಯಿಸಿದರೆ ಖರ್ಚಾಗುವ ಆಕ್ಸಿಜನ್ ಸುಮಾರು 45 ಲೀಟರ್, ಹುಟ್ಟುವ ಕಾರ್ಬನ್ ಡೈಆಕ್ಸೈಡ್ ಸುಮಾರು 28 ಲೀಟರ್, ನೀರಾವಿ ಸುಮಾರು 25 ಗ್ರಾಂ.

ಈಗ ಕೋಣೆಯ ಕಡೆ ನೋಡಿ. 5, 6, 8 ಗುಣಿಸಿದರೆ 240 ಘನ ಅಡಿ, ಸುಮಾರು 6,800 ಲೀಟರ್ ಗಾಳಿ. ಅದರಲ್ಲಿ ಆಕ್ಸಿಜನ್ 1,420 ಲೀಟರ್. ಕೋಣೆ ಪೂರ್ತಿ ಮುಚ್ಚಿದ್ದರೆ ಹತ್ತು ನಿಮಿಷದಲ್ಲಿ 450 ಲೀಟರ್ ಖಾಲಿ, ಮೂರನೆಯ ಒಂದು ಭಾಗ. ಶೇ 21 ಇದ್ದ ಆಕ್ಸಿಜನ್ 14-15ಕ್ಕೆ ಇಳಿಯಬೇಕು. ಕಾರ್ಬನ್ ಡೈಆಕ್ಸೈಡ್ ಶೇ 4 ಮುಟ್ಟಬೇಕು. ನಿಜವಾದ ಬಚ್ಚಲುಮನೆ ಇಷ್ಟು ಬಿಗಿಯಾಗಿ ಮುಚ್ಚಿರುವುದಿಲ್ಲ, ಬಾಗಿಲ ಕೆಳಗೆ ಸಂದಿ ಇರುತ್ತದೆ, ಕಿಟಕಿ ಪಟ್ಟಿಗಳ ನಡುವೆ ಗಾಳಿ ನುಸುಳುತ್ತದೆ. ಹಾಗಾಗಿ ಇಳಿತ ಇದಕ್ಕಿಂತ ನಿಧಾನ. ಆದರೆ ನಮ್ಮ ಸನ್ನಿವೇಶದಲ್ಲಿ ಆಕೆ ಒಳಗೆ ಹೋದದ್ದು ಹೊಸ ಗಾಳಿಗಲ್ಲ, ಗಂಡನ ಸ್ನಾನ ಮುಗಿದಾಗ ಉಳಿದಿದ್ದ ಗಾಳಿಗೆ. ಎರಡನೆಯವರು, ಮೂರನೆಯವರು ಬೀಳುವುದು ಅದಕ್ಕೇ. ‘ನಾನೂ ಅಲ್ಲೇ ಸ್ನಾನ ಮಾಡಿದೆ, ನನಗೇನೂ ಆಗಲಿಲ್ಲ’ ಎಂಬ ಗಂಡನ ಮಾತು ಗೀಸರನ್ನು ಸಂಶಯದ ಪಟ್ಟಿಯಿಂದ ತಪ್ಪಿಸಬಾರದು.

ನೀರಾವಿಯ ಲೆಕ್ಕವೂ ಮುಖ್ಯವೇ. ಹತ್ತು ನಿಮಿಷಕ್ಕೆ ಕಾಲು ಲೀಟರ್ ನೀರು ಬೆಂಕಿಯಿಂದಲೇ ಬರುತ್ತದೆ, ಬಿಸಿನೀರಿನ ಆವಿ ಬೇರೆ. ಉಸಿರು ಕಟ್ಟಿದ ಹಾಗಾದರೆ, ತಲೆ ದಿಮ್ಮೆಂದರೆ, ಎಲ್ಲರೂ ‘ಹಬೆ ಜಾಸ್ತಿಯಾಯ್ತು’ ಎಂದುಕೊಳ್ಳುತ್ತಾರೆ. ಹಬೆಯ ನೆಪದಲ್ಲಿ ಮೊದಲ ಎಚ್ಚರಿಕೆ ಕಳೆದುಹೋಗುತ್ತದೆ.

ಕಾರ್ಬನ್ ಮೊನಾಕ್ಸೈಡ್ ಹುಟ್ಟುವ ಬಗೆ

ಕಾರ್ಬನ್ ಮೊನಾಕ್ಸೈಡ್ ಯಾವಾಗಲೋ ತಪ್ಪಿ ಹುಟ್ಟುವ ಅನಿಲವೇನಲ್ಲ. ಪ್ರತಿಯೊಂದು ಗ್ಯಾಸ್ ಜ್ವಾಲೆಯ ಒಳಗೂ ಕಾರ್ಬನ್ ಮೊದಲು ಮೊನಾಕ್ಸೈಡ್ ಆಗಿ, ಆಮೇಲೆ ಡೈಆಕ್ಸೈಡ್ ಆಗುತ್ತದೆ. ಮೊದಲ ಹಂತ ಚುರುಕು, ಎರಡನೆಯದು ನಿಧಾನ. ಆ ಎರಡನೆಯ ಹಂತ ಮುಗಿಯಲು ಮೂರು ಅನುಕೂಲ ಬೇಕು: ಸಾಕಷ್ಟು ಆಕ್ಸಿಜನ್, ಹೆಚ್ಚಿನ ಶಾಖ, ಒಂದಿಷ್ಟು ಹೊತ್ತು. ಯಾವುದಾದರೂ ಒಂದು ಕಡಿಮೆಯಾದರೆ ಮೊನಾಕ್ಸೈಡ್ ಅರ್ಧದಾರಿಯಲ್ಲೇ ಹೊರಬೀಳುತ್ತದೆ.

ಗೀಸರಿನಲ್ಲಿ ಮೂರೂ ಕೈಕೊಡಬಹುದು. ಕೋಣೆಯ ಆಕ್ಸಿಜನ್ ಇಳಿದಾಗ ಜ್ವಾಲೆ ಮೊದಲು ಉದ್ದವಾಗುತ್ತದೆ, ಮೃದುವಾಗುತ್ತದೆ, ಅದರ ತುದಿ ಮೇಲಿನ ತಾಮ್ರದ ರೆಕ್ಕೆಗಳಿಗೆ ತಾಗುತ್ತದೆ. ಆ ರೆಕ್ಕೆಗಳೊಳಗೆ ತಣ್ಣೀರು ಹರಿಯುತ್ತಿರುವುದರಿಂದ ಅವು ಜ್ವಾಲೆಯ ಮುಂದೆ ತಣ್ಣಗಿನವೇ. ತಾಗಿದ ಕಡೆ ದಹನ ಅಲ್ಲಿಗೇ ನಿಲ್ಲುತ್ತದೆ, ಅರೆಬೆಂದ ಕಾರ್ಬನ್ ಮಸಿಯಾಗಿಯೂ ಮೊನಾಕ್ಸೈಡ್ ಆಗಿಯೂ ಉಳಿಯುತ್ತದೆ. ಮಸಿ ರೆಕ್ಕೆಗಳ ಸಂದು ಕಟ್ಟುತ್ತದೆ, ಸುಟ್ಟ ಗಾಳಿ ಮೇಲೇರುವುದು ತಡವಾಗುತ್ತದೆ, ಕೆಳಗಿಂದ ಹೊಸ ಗಾಳಿ ಬರುವುದು ಕಡಿಮೆಯಾಗುತ್ತದೆ, ಮತ್ತಷ್ಟು ಮೊನಾಕ್ಸೈಡ್ ಹುಟ್ಟುತ್ತದೆ. ಒಮ್ಮೆ ಶುರುವಾದರೆ ತನ್ನನ್ನು ತಾನೇ ಬೆಳೆಸಿಕೊಳ್ಳುವ ತೊಂದರೆ ಇದು.

ಎಷ್ಟು ಹುಟ್ಟಿದರೆ ಅಪಾಯ? ನಿಮಿಷಕ್ಕೆ ಹುಟ್ಟುವ 28 ಲೀಟರ್‌ನಲ್ಲಿ ಶೇ 1ರಷ್ಟು ಮಾತ್ರ ಮೊನಾಕ್ಸೈಡ್ ಆದರೆ, ಹತ್ತು ನಿಮಿಷಕ್ಕೆ 2.8 ಲೀಟರ್. 6,800 ಲೀಟರ್ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ 410 ಪಾಲು, ಅಂದರೆ 410 ಪಿಪಿಎಂ. ಶೇ 5 ಆದರೆ 2,000 ಪಿಪಿಎಂ ದಾಟುತ್ತದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಪಟ್ಟಿಯ ಪ್ರಕಾರ 400 ಪಿಪಿಎಂನಲ್ಲಿ ಒಂದೆರಡು ಗಂಟೆಗೆ ಹಣೆನೋವು, 800ರಲ್ಲಿ ಮುಕ್ಕಾಲು ಗಂಟೆಗೆ ತಲೆಸುತ್ತು ಮತ್ತು ವಾಕರಿಕೆ, 1,600ರಲ್ಲಿ ಅವೇ ಲಕ್ಷಣಗಳು 20 ನಿಮಿಷಕ್ಕೆ, 3,200ರಲ್ಲಿ 5-10 ನಿಮಿಷಕ್ಕೆ. 6,400ರಲ್ಲಿ ಒಂದೆರಡು ನಿಮಿಷ ಸಾಕು. 20 ನಿಮಿಷ ಎಂದರೆ ಸುರಕ್ಷಿತ ಎಂದು ಓದಬೇಡಿ. ಈ ಪಟ್ಟಿ ಆರೋಗ್ಯವಂತ ವಯಸ್ಕರು ಒಳ್ಳೆಯ ಆಕ್ಸಿಜನ್ ಇರುವ ಗಾಳಿಯಲ್ಲಿ ಕುಳಿತಿರುವಾಗಿನದು.

ಜ್ವಾಲೆಯ ಬಣ್ಣ ನೋಡಿ ತಿಳಿಯಬಹುದೇ? ಭಾಗಶಃ. ಹಳದಿ ತುದಿ, ಗೀಸರಿನ ನೆತ್ತಿಯ ಮೇಲೆ ಅಥವಾ ಹಿಂದಿನ ಟೈಲ್ಸ್ ಮೇಲೆ ಕಪ್ಪು ಕಲೆ, ಸುಟ್ಟ ವಾಸನೆ ಇದ್ದರೆ ಅದು ಖಚಿತ ಕೆಟ್ಟ ಸುದ್ದಿ. ಆದರೆ ನೀಲಿ ಜ್ವಾಲೆ ಖಚಿತ ಒಳ್ಳೆಯ ಸುದ್ದಿಯಲ್ಲ, ಆಕ್ಸಿಜನ್ ಕಡಿಮೆಯಾದ ಕೋಣೆಯಲ್ಲಿ ನೀಲಿಯಾಗಿಯೇ ಉರಿಯುತ್ತ ಮೊನಾಕ್ಸೈಡ್ ಬಿಡಬಲ್ಲದು. ವಾಸನೆ ಬರಲಿಲ್ಲವೆಂದು ನಿರಾಳವಾಗುವಂತೆಯೂ ಇಲ್ಲ. ಎಲ್‌ಪಿಜಿಗೆ ನಾರುವ ವಾಸನೆ ಬರುವುದು ಬೇಕೆಂದೇ ಸೇರಿಸಿದ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದಿಂದ. ಗ್ಯಾಸು ಉರಿದಾಗ ಅದೂ ಉರಿದುಹೋಗುತ್ತದೆ. ಮೊನಾಕ್ಸೈಡಿಗೆ ಬಣ್ಣ, ವಾಸನೆ, ರುಚಿ, ಗಂಟಲು ಕೆರೆತ ಯಾವುದೂ ಇಲ್ಲ.

ಗೀಸರನ್ನು ಇನ್ನಷ್ಟು ಕೆಡಿಸುವ ಮೂರು ಕಾರಣಗಳನ್ನು ನಮ್ಮ ಊರುಗಳಲ್ಲಿ ಹೆಚ್ಚು ಕಾಣಬಹುದು. ಬೋರ್‌ವೆಲ್ಲಿನ ಗಡಸು ನೀರು ತಾಮ್ರದ ಕೊಳವೆಯೊಳಗೆ ಸುಣ್ಣದ ಪದರ ಕಟ್ಟುತ್ತದೆ, ಶಾಖ ನೀರಿಗೆ ಇಳಿಯುವುದಿಲ್ಲ, ನೀರು ಸಾಕಷ್ಟು ಬಿಸಿಯಾಗಲಿಲ್ಲವೆಂದು ಮನೆಯವರು ಗ್ಯಾಸಿನ ತಿರುಪನ್ನು ಜಾಸ್ತಿ ಮಾಡುತ್ತಾರೆ. ಎರಡನೆಯದು ತಪ್ಪು ರೆಗ್ಯುಲೇಟರ್. ಮನೆಬಳಕೆಯದು ಕಡಿಮೆ ಒತ್ತಡದ್ದು, ಅದರ ಬದಲು ಹೋಟೆಲ್ ಒಲೆಗಳ ಅಧಿಕ ಒತ್ತಡದ ರೆಗ್ಯುಲೇಟರ್ ಸಿಕ್ಕಿಸಿದರೆ ಬರ್ನರ್ ಎಳೆದುಕೊಳ್ಳಬಲ್ಲ ಗಾಳಿಗಿಂತ ಹೆಚ್ಚು ಗ್ಯಾಸು ನುಗ್ಗುತ್ತದೆ. ಮೂರನೆಯದು ಬರ್ನರಿನ ಗಾಳಿ ತೂತುಗಳಲ್ಲಿ ಜೇಡರ ಬಲೆ, ಧೂಳು. ಬೇಸಿಗೆಯಿಡೀ ಬಳಸದೆ ಬಿಟ್ಟು ನವೆಂಬರ್‌ನಲ್ಲಿ ಮೊದಲ ಬಾರಿ ಹಚ್ಚುವ ಮನೆಗಳಲ್ಲಿ ಇದು ಸಾಮಾನ್ಯ.

ಹಳೆಯ ಮನೆಗಳ ಬಚ್ಚಲ ಒಲೆಯೂ ಒಳಗೇ ಉರಿಯುತ್ತಿತ್ತಲ್ಲ, ಹಂಡೆ ಕಾಯುತ್ತಿತ್ತಲ್ಲ, ಆಗ ಹೀಗಾಗಿದ್ದು ಕಡಿಮೆಯಲ್ಲವೇ ಎಂದು ಕೇಳುವವರಿದ್ದಾರೆ. ಹಂಚಿನ ಮಾಡಿನ ಸಂದುಗಳು, ಚಾವಣಿ ಮುಟ್ಟದ ಗೋಡೆ, ನೀರು ಕಾದ ಮೇಲೆ ಸ್ನಾನಕ್ಕೆ ಹೋಗುವ ಕ್ರಮ, ಈ ಮೂರೂ ಅಲ್ಲಿ ಕೆಲಸ ಮಾಡುತ್ತಿದ್ದವು. ಹೊಗೆ ಕಣ್ಣು ಉರಿಸಿ ಆಚೆ ಓಡಿಸುತ್ತಿತ್ತು ಕೂಡ. ಆರ್‌ಸಿಸಿ ಚಾವಣಿ, ಅಲ್ಯುಮಿನಿಯಂ ಕಿಟಕಿ, ಹೊಗೆಯಿಲ್ಲದ ಬೆಂಕಿ ಸೇರಿದಾಗ ಆ ರಕ್ಷಣೆಗಳೆಲ್ಲ ಒಟ್ಟಿಗೇ ಹೋದವು.

ರಕ್ತದೊಳಗೆ

ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಅಂಟಿಕೊಳ್ಳುತ್ತದೆಂದು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1857ರಲ್ಲೇ ತೋರಿಸಿದ್ದ. 1895ರಲ್ಲಿ ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ತಾನೇ ಆ ಅನಿಲ ಉಸಿರಾಡಿ ಪ್ರಯೋಗ ಮಾಡಿಕೊಂಡ. ಅವನ ಗುಂಪಿನಿಂದ ಬಂದ ಸಮೀಕರಣ ಇಂದಿಗೂ ಬಳಕೆಯಲ್ಲಿದೆ. ಹಿಮೋಗ್ಲೋಬಿನ್ ಆಕ್ಸಿಜನ್ನಿಗಿಂತ ಮೊನಾಕ್ಸೈಡನ್ನು 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಹಿಡಿಯುತ್ತದೆ. ಶ್ವಾಸಕೋಶದ ಗಾಳಿಗೂಡುಗಳಲ್ಲಿ ಆಕ್ಸಿಜನ್ ಶೇ 14ರಷ್ಟಿರುತ್ತದೆ. ಅಲ್ಲಿ ಮೊನಾಕ್ಸೈಡ್ ಕೇವಲ ಶೇ 0.1, ಅಂದರೆ 1,000 ಪಿಪಿಎಂ ಇದ್ದರೂ, ಸಾಕಷ್ಟು ಹೊತ್ತು ಉಸಿರಾಡಿದರೆ ಕೊನೆಗೆ ಹಿಮೋಗ್ಲೋಬಿನ್‌ನ ಶೇ 60ರಷ್ಟನ್ನು ಅದು ಆಕ್ರಮಿಸಿಕೊಳ್ಳುತ್ತದೆ.

ಅದಕ್ಕೆ ಎಷ್ಟು ಹೊತ್ತು ಬೇಕೆಂಬುದರಲ್ಲಿ ಈ ಪ್ರಕರಣದ ನಿಜವಾದ ತಿರುವು ಇದೆ. ಐದು ಲೀಟರ್ ರಕ್ತ, ಲೀಟರಿಗೆ 140 ಗ್ರಾಂ ಹಿಮೋಗ್ಲೋಬಿನ್ ಇರುವ ವ್ಯಕ್ತಿಯನ್ನು ತೆಗೆದುಕೊಳ್ಳಿ. ಒಟ್ಟು 700 ಗ್ರಾಂ. ಒಂದು ಗ್ರಾಂ ಸುಮಾರು 1.34 ಮಿಲಿಲೀಟರ್ ಅನಿಲ ಹೊರುತ್ತದೆ. ಪೂರ್ಣ ಸಾಮರ್ಥ್ಯ 940 ಮಿಲಿಲೀಟರ್. 2,000 ಪಿಪಿಎಂ ಗಾಳಿಯನ್ನು ಆತ ನಿಮಿಷಕ್ಕೆ 7 ಲೀಟರ್ ಗಾಳಿಗೂಡುಗಳಿಗೆ ಎಳೆದುಕೊಂಡರೆ ಒಳಹೋಗುವ ಮೊನಾಕ್ಸೈಡ್ 14 ಮಿಲಿಲೀಟರ್. ಎಲ್ಲವೂ ರಕ್ತಕ್ಕೆ ಸೇರಿತೆಂದರೆ ನಿಮಿಷಕ್ಕೆ ಶೇ 1.5. ಇದು ಗರಿಷ್ಠ ಮಿತಿ, ನಿಜದಲ್ಲಿ ಇದಕ್ಕಿಂತ ಕಡಿಮೆ.

ಈಗ ನಾಲ್ಕು ಲೀಟರ್ ರಕ್ತ, ಲೀಟರಿಗೆ 90 ಗ್ರಾಂ ಹಿಮೋಗ್ಲೋಬಿನ್ ಇರುವ ರಕ್ತಹೀನ ಹೆಣ್ಣುಮಗಳನ್ನು ತೆಗೆದುಕೊಳ್ಳಿ. ಒಟ್ಟು 360 ಗ್ರಾಂ, ಸಾಮರ್ಥ್ಯ 480 ಮಿಲಿಲೀಟರ್. ಅದೇ 14 ಮಿಲಿಲೀಟರ್ ಈಗ ನಿಮಿಷಕ್ಕೆ ಶೇ 3ರ ಹತ್ತಿರ. ಒಂದೇ ಕೋಣೆ, ಒಂದೇ ಹೊತ್ತು, ಎರಡು ಪಟ್ಟು ವಿಷ. ಗಂಡನಿಗೆ ಏನೂ ಆಗದೆ ಹೆಂಡತಿ ಬಿದ್ದದ್ದಕ್ಕೆ ಉಳಿದ ಗಾಳಿ ಒಂದು ಕಾರಣವಾದರೆ ಇದು ಇನ್ನೊಂದು ಇರಬಹುದು.

ಮೂರನೆಯ ಕಾರಣ ಕಾರ್ಬನ್ ಡೈಆಕ್ಸೈಡ್. ಗಾಳಿಯಲ್ಲಿ ಅದು ಶೇ 3-4 ಆದಾಗ ಮೆದುಳು ಉಸಿರಾಟವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ. ಏದುಸಿರು ಬಂದಷ್ಟೂ ಮೊನಾಕ್ಸೈಡ್ ಒಳಹೋಗುವುದೂ ದುಪ್ಪಟ್ಟು. ಇದರ ಮೇಲೆ ಬಿಸಿನೀರಿಗೆ ಚರ್ಮದ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಇಳಿದಿರುತ್ತದೆ, ಆಕ್ಸಿಜನ್ ಮೊದಲೇ ಕಡಿಮೆಯಾಗಿರುತ್ತದೆ. ಹಾಗಾಗಿ ಬಚ್ಚಲುಮನೆಯಲ್ಲಿ ಬೀಳುವವರ ರಕ್ತದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್, ಅಂದರೆ ಮೊನಾಕ್ಸೈಡ್ ಅಂಟಿಕೊಂಡ ಹಿಮೋಗ್ಲೋಬಿನ್, ಅಷ್ಟೇನೂ ಹೆಚ್ಚಿಲ್ಲದಿರಬಹುದು. ಶೇ 20 ಇದ್ದರೂ ಪ್ರಜ್ಞೆ ತಪ್ಪಬಹುದು. ಪುಸ್ತಕದ ಪಟ್ಟಿಗೆ ಹೊಂದಲಿಲ್ಲವೆಂದು ರೋಗನಿರ್ಣಯ ಬಿಡುವುದು ತಪ್ಪು.

ಮೊನಾಕ್ಸೈಡ್ ಹಿಮೋಗ್ಲೋಬಿನ್‌ನ ಜಾಗ ಹಿಡಿಯುವುದಷ್ಟೇ ಅಲ್ಲ, ಪಕ್ಕದ ಜಾಗಗಳಲ್ಲಿ ಇರುವ ಆಕ್ಸಿಜನ್ನನ್ನೂ ಬಿಟ್ಟುಕೊಡದಂತೆ ಬಿಗಿ ಮಾಡುತ್ತದೆ. ಅದಕ್ಕೇ ರಕ್ತಹೀನತೆಯಿಂದ ಅರ್ಧ ಹಿಮೋಗ್ಲೋಬಿನ್ ಕಳೆದುಕೊಂಡವರು ನಡೆದಾಡುತ್ತಾರೆ, ಮೊನಾಕ್ಸೈಡಿಗೆ ಅರ್ಧ ಕಳೆದುಕೊಂಡವರು ಕೋಮಾದಲ್ಲಿರುತ್ತಾರೆ. ಹೃದಯದ ಸ್ನಾಯುವಿನಲ್ಲಿ ಆಕ್ಸಿಜನ್ ಹಿಡಿದಿಡುವ ಮಯೋಗ್ಲೋಬಿನ್, ಜೀವಕೋಶದೊಳಗೆ ಆಕ್ಸಿಜನ್ ಬಳಸುವ ಕಿಣ್ವವಾದ ಸೈಟೋಕ್ರೋಮ್ ಆಕ್ಸಿಡೇಸ್ ಇವಕ್ಕೂ ಅದು ಅಂಟುತ್ತದೆ.

ಕಾಲು ಮೊದಲು ಸೋಲುತ್ತದೆ

ಬದುಕಿ ಉಳಿದವರು ಹೇಳುವುದರಲ್ಲಿ ಒಂದು ಹೋಲಿಕೆ ಇದೆ: ಕಣ್ಣು ಮಂಜಾಯಿತು, ತಲೆ ಭಾರವಾಯಿತು, ಬಾಗಿಲು ತೆಗೆಯಬೇಕೆಂದು ಗೊತ್ತಾಯಿತು, ಆದರೆ ಕಾಲು ಮೇಲೇಳಲಿಲ್ಲ. ಬುದ್ಧಿ ಇನ್ನೂ ಅರೆಬರೆ ಕೆಲಸ ಮಾಡುತ್ತಿರುವಾಗಲೇ ಸ್ನಾಯುಗಳು ಸೋಲುತ್ತವೆ. ‘ತಲೆ ಸುತ್ತಿದರೆ ಹೊರಗೆ ಬಂದರಾಯ್ತು’ ಎಂಬ ಧೈರ್ಯಕ್ಕೆ ಇಲ್ಲಿ ಬೆಲೆ ಇಲ್ಲ.

ಹೊರಗಿದ್ದವರು ಮಾಡಬೇಕಾದದ್ದು ಹೀಗೆ. ಸಿಲಿಂಡರ್ ಹೊರಗಿದ್ದರೆ ರೆಗ್ಯುಲೇಟರ್ ಮುಚ್ಚಿ, ಅದಕ್ಕಾಗಿ ತಡಮಾಡಬೇಡಿ. ಬಾಗಿಲು ಒಡೆದ ತಕ್ಷಣ ಒಳಗೆ ನುಗ್ಗಿ ಅಲ್ಲೇ ಕುಳಿತು ಮುಖಕ್ಕೆ ನೀರು ಚಿಮುಕಿಸುವುದು ಬೇಡ, ಕಂಕುಳಿಗೆ ಕೈಹಾಕಿ ಎಳೆದು ಅಂಗಳಕ್ಕೋ ಬಾಲ್ಕನಿಗೋ ತನ್ನಿ. ಗ್ಯಾಸಿನ ವಾಸನೆ ಇದ್ದರೆ ಸ್ವಿಚ್ ಮುಟ್ಟಬೇಡಿ. ಉಸಿರಿದ್ದರೆ ಎಡ ಮಗ್ಗುಲಿಗೆ ಮಲಗಿಸಿ, ವಾಂತಿ ಶ್ವಾಸಕ್ಕೆ ಹೋಗದಿರಲಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ನಿಮಿಷಕ್ಕೆ 100-120 ಬಾರಿ ಒತ್ತುತ್ತಿರಿ, 108ಕ್ಕೆ ಕರೆ ಮಾಡಿಸಿ. ಕೈಗೆ ಕಬ್ಬಿಣದ ಕೀಲಿ ಕೊಡುವುದು, ಈರುಳ್ಳಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಪ್ರಜ್ಞೆ ಬರುವ ಮೊದಲೇ ನಿಂಬೆ ನೀರು ಹಾಕುವುದು ಬೇಡ. ಕಡೆಯದು ನೇರವಾಗಿ ಅಪಾಯಕಾರಿ. ಕರೆ ಮಾಡುವಾಗ ಒಂದು ವಾಕ್ಯ ಸೇರಿಸಿ: ‘ಗ್ಯಾಸ್ ಗೀಸರ್ ಇರುವ ಬಾತ್‌ರೂಮಿನಲ್ಲಿ ಬಿದ್ದಿದ್ದಾರೆ’. ಮುಂದೆ ಆಗುವುದೆಲ್ಲ ಆ ವಾಕ್ಯದ ಮೇಲೆ ನಿಂತಿದೆ.

ಆಸ್ಪತ್ರೆಯಲ್ಲಿ ತಪ್ಪುವ ದಾರಿ

ರೋಗಿ ತಲುಪಿದ ಕೂಡಲೇ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಸಿಕ್ಕಿಸುತ್ತಾರೆ. ಅದು 98 ಅಥವಾ 99 ತೋರಿಸುತ್ತದೆ. ಎಲ್ಲರೂ ನಿರಾಳ. ಆದರೆ ಸಾಮಾನ್ಯ ಆಕ್ಸಿಮೀಟರ್ ಎರಡೇ ಬಗೆಯ ಬೆಳಕು ಬಳಸುತ್ತದೆ, ಕೆಂಪು ಮತ್ತು ಅತಿಗೆಂಪು. ಕೆಂಪು ಬೆಳಕಿನಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಹೆಚ್ಚು ಕಡಿಮೆ ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ನಿನಂತೆಯೇ ಕಾಣುತ್ತದೆ, ಯಂತ್ರ ಎರಡನ್ನೂ ಕೂಡಿಸಿ ಹೇಳುತ್ತದೆ. ರಕ್ತದ ಅನಿಲ ಪರೀಕ್ಷೆಯೂ ದಾರಿ ತಪ್ಪಿಸಬಲ್ಲದು. ಅದು ಅಳೆಯುವುದು ರಕ್ತದಲ್ಲಿ ಕರಗಿದ ಆಕ್ಸಿಜನ್ನಿನ ಒತ್ತಡವನ್ನು, ಅದು ಸರಿಯಾಗಿಯೇ ಇರುತ್ತದೆ. ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರೆ ಬೇರೆಯಾಗಿ ಅಳೆಯುವ ಕೋ-ಆಕ್ಸಿಮೀಟರ್ ಇರುವ ಯಂತ್ರದಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಎಂದೇ ಕೇಳಬೇಕು. ಸಿರೆಯ ರಕ್ತ ಸಾಕು, ಧಮನಿಯದೇ ಬೇಕಿಲ್ಲ. ಧೂಮಪಾನ ಮಾಡದವರಲ್ಲಿ ಅದು ಶೇ 3ರೊಳಗೆ ಇರಬೇಕು, ಸೇದುವವರಲ್ಲಿ ಶೇ 10ರ ತನಕ ಕಾಣಬಹುದು.

ಯಾವಾಗ ರಕ್ತ ತೆಗೆದರು ಎಂಬುದೂ ಮುಖ್ಯ. ಸಾಮಾನ್ಯ ಗಾಳಿ ಉಸಿರಾಡುತ್ತಿದ್ದರೆ ಕಾರ್ಬಾಕ್ಸಿಹಿಮೋಗ್ಲೋಬಿನ್ ಅರ್ಧವಾಗಲು 4-6 ಗಂಟೆ, ಶುದ್ಧ ಆಕ್ಸಿಜನ್ ಕೊಟ್ಟರೆ ಸುಮಾರು 75-90 ನಿಮಿಷ. ಬಿದ್ದಾಗ ಶೇ 30 ಇದ್ದವರು ಒಂದು ಗಂಟೆ ಮನೆಯಲ್ಲಿ, ದಾರಿಯಲ್ಲಿ ಕಳೆದು, ಮತ್ತೆ ಒಂದೂವರೆ ಗಂಟೆ ಆಕ್ಸಿಜನ್ ಪಡೆದ ಮೇಲೆ ಪರೀಕ್ಷೆ ಮಾಡಿದರೆ ಬರುವುದು ಶೇ 13. ‘ಇಷ್ಟಕ್ಕೆಲ್ಲ ಪ್ರಜ್ಞೆ ತಪ್ಪುವುದಿಲ್ಲ’ ಎಂದು ವರದಿಯನ್ನು ಪಕ್ಕಕ್ಕಿಡುವ ಅಪಾಯ ಇಲ್ಲಿದೆ. ಚರ್ಮ ಚೆರ್ರಿ ಹಣ್ಣಿನಂತೆ ಕೆಂಪಾಗುತ್ತದೆಂಬ ಪುಸ್ತಕದ ಮಾತನ್ನು ನೆಚ್ಚಿ ಕಾಯುವುದೂ ಬೇಡ, ಜೀವಂತ ರೋಗಿಯಲ್ಲಿ ಅದು ಅಪರೂಪ. ಹೆಚ್ಚಾಗಿ ಕಾಣುವುದು ಮರಣೋತ್ತರ ಪರೀಕ್ಷೆಯ ಮೇಜಿನ ಮೇಲೆ.

ಕರ್ನಾಟಕದ ವೈದ್ಯರಿಗೆ ಇಲ್ಲಿ ಇನ್ನೊಂದು ತೊಡಕು ಇದೆ, ಬೇರೆ ಕಡೆಯವರಿಗೆ ಅಷ್ಟಾಗಿ ಇಲ್ಲದ್ದು. ಬಿಸಿನೀರಿನ ಅಪಸ್ಮಾರ ಎಂಬ ಕಾಯಿಲೆ ನಮ್ಮ ದಕ್ಷಿಣದ ಜಿಲ್ಲೆಗಳಲ್ಲಿ ಚೆನ್ನಾಗಿಯೇ ಕಂಡುಬರುತ್ತದೆ. ತಲೆಯ ಮೇಲೆ ಮಗ್ಗಿನಿಂದ ಬಿಸಿನೀರು ಸುರಿದುಕೊಂಡಾಗ ಫಿಟ್ಸ್ ಬರುವ ಈ ಬಗೆಯನ್ನು ಬೆಂಗಳೂರಿನಲ್ಲಿ ನರವೈದ್ಯ ಕೆ.ಎಸ್. ಮಣಿ 1960ರ ದಶಕದ ಕೊನೆಯಿಂದ ದಾಖಲಿಸಿದರು, ನಿಮ್ಹಾನ್ಸ್‌ನಲ್ಲಿ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ದೊಡ್ಡ ಅಧ್ಯಯನ ಪ್ರಕಟಿಸಿದರು. ಹಾಗಾಗಿ ‘ಸ್ನಾನ ಮಾಡುವಾಗ ಫಿಟ್ಸ್’ ಎಂದ ಕೂಡಲೇ ಆ ಹೆಸರು ನೆನಪಾಗುವುದು ಸಹಜ. ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ, ಕೇಳಬೇಕಷ್ಟೆ. ಅಪಸ್ಮಾರದ್ದು ತಲೆಗೆ ನೀರು ಬಿದ್ದೊಡನೆ ಅಥವಾ ಸ್ವಲ್ಪದರಲ್ಲೇ ಶುರು, ಹೆಚ್ಚಾಗಿ ಹಿಂದೆಯೂ ಆಗಿರುತ್ತದೆ, ಹಂಡೆಯ ನೀರೋ ಕರೆಂಟಿನ ಗೀಸರಿನದೋ ಎಂಬುದು ಲೆಕ್ಕಕ್ಕಿಲ್ಲ, ಬಾಗಿಲು ತೆರೆದಿದ್ದರೂ ಬರುತ್ತದೆ. ಗ್ಯಾಸಿನದ್ದು ಎಂಟು ಹತ್ತು ನಿಮಿಷ ಕಳೆದ ಮೇಲೆ, ಮುಚ್ಚಿದ ಬಾಗಿಲೊಳಗೆ, ಮೈಗಷ್ಟೇ ನೀರು ಹಾಕಿಕೊಂಡವರಿಗೂ ಬರುತ್ತದೆ. ಎದ್ದ ಮೇಲೆ ಗಂಟೆಗಟ್ಟಲೆ ತಲೆನೋವು, ವಾಂತಿ. ಅದೇ ಬೆಳಿಗ್ಗೆ ಮನೆಯ ಇನ್ನೊಬ್ಬರಿಗೂ ಸ್ನಾನದ ನಂತರ ತಲೆನೋವು ಬಂದಿದ್ದರೆ ಉತ್ತರ ಸಿಕ್ಕಿದಂತೆ. ಈ ಪ್ರಶ್ನೆ ಕೇಳದೆ ವರ್ಷಗಟ್ಟಲೆ ಫಿಟ್ಸ್ ಮಾತ್ರೆ ಬರೆದುಕೊಟ್ಟು, ಅದೇ ಬಚ್ಚಲುಮನೆಗೆ ಮರಳಿ ಕಳಿಸುವುದು ಈ ಪ್ರಕರಣದಲ್ಲಿ ಆಗಬಹುದಾದ ಅತಿ ಕೆಟ್ಟ ತಪ್ಪು ಎಂಬುದು ನಮ್ಮ ಅಭಿಪ್ರಾಯ.

ಚಿಕಿತ್ಸೆ ಸರಳ. ಸಂಶಯ ಬಂದ ಕ್ಷಣದಿಂದ, ವರದಿಗೆ ಕಾಯದೆ, ಚೀಲವಿರುವ ನಾನ್-ರೀಬ್ರೀದರ್ ಮಾಸ್ಕಿನಲ್ಲಿ ನಿಮಿಷಕ್ಕೆ 10-15 ಲೀಟರ್ ಆಕ್ಸಿಜನ್. ಮೂಗಿಗೆ ಸಿಕ್ಕಿಸುವ ಸಣ್ಣ ನಳಿಕೆ ಸಾಲದು. ಆಕ್ಸಿಮೀಟರ್ 99 ತೋರಿಸುತ್ತಿದೆಯೆಂದು ತೆಗೆಯಬಾರದು, ಲಕ್ಷಣ ಹೋಗುವ ತನಕ, ರಕ್ತದ ಮಟ್ಟ ಸಾಮಾನ್ಯಕ್ಕೆ ಬರುವ ತನಕ ಮುಂದುವರಿಸಬೇಕು. ಇಸಿಜಿ ಮತ್ತು ಟ್ರೋಪೋನಿನ್ ಎಂಬ ರಕ್ತಪರೀಕ್ಷೆ ನೋಡಬೇಕು, ಹೃದಯಕ್ಕೆ ಪೆಟ್ಟಾಗಿರಬಹುದು. ಅಧಿಕ ಒತ್ತಡದ ಆಕ್ಸಿಜನ್ ಕೋಣೆಯಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಅರ್ಧವಾಗುವ ಹೊತ್ತು 20-25 ನಿಮಿಷಕ್ಕೆ ಇಳಿಯುತ್ತದೆ. 2002ರಲ್ಲಿ ಅಮೆರಿಕದ ಒಂದು ಅಧ್ಯಯನ ಅದರಿಂದ ಮುಂದಿನ ಮರೆವು ಕಡಿಮೆಯಾಗುತ್ತದೆಂದು ತೋರಿಸಿತು, ಬೇರೆ ಅಧ್ಯಯನಗಳು ಅಷ್ಟು ಸ್ಪಷ್ಟವಾಗಿ ತೋರಿಸಿಲ್ಲ, ತಜ್ಞರಲ್ಲಿ ಒಮ್ಮತವಿಲ್ಲ. ಪ್ರಜ್ಞೆ ತಪ್ಪಿದವರಿಗೆ, ಗರ್ಭಿಣಿಯರಿಗೆ, ಹೃದಯಕ್ಕೆ ತೊಂದರೆಯಾದವರಿಗೆ ಹತ್ತಿರದಲ್ಲಿ ಸೌಲಭ್ಯವಿದ್ದರೆ ಯೋಚಿಸಬೇಕು. ಗರ್ಭಿಣಿಯರ ವಿಷಯದಲ್ಲಿ ಒಂದು ಮಾತು: ತಾಯಿ ಚೇತರಿಸಿಕೊಂಡಂತೆ ಕಂಡರೂ ಮಗುವಿನ ರಕ್ತದಿಂದ ಮೊನಾಕ್ಸೈಡ್ ಹೋಗಲು ಹೆಚ್ಚು ಹೊತ್ತು ಬೇಕು, ಆಕ್ಸಿಜನ್ನನ್ನು ಇನ್ನಷ್ಟು ಗಂಟೆ ಮುಂದುವರಿಸುತ್ತಾರೆ.

ಮನೆಗೆ ಕಳಿಸಿದ ಮೇಲೂ ಪ್ರಕರಣ ಮುಗಿಯದಿರಬಹುದು. ಕೆಲವರು ಪೂರ್ತಿ ಗುಣವಾಗಿ, ಎರಡು ದಿನದಿಂದ ಆರು ವಾರದೊಳಗೆ ಮತ್ತೆ ಬದಲಾಗುತ್ತಾರೆ: ಮರೆವು, ಮಂಕು, ಸಿಟ್ಟು, ನಡಿಗೆ ನಿಧಾನ, ಪಾರ್ಕಿನ್ಸನ್ ಕಾಯಿಲೆಯಂತೆ ಮೈ ಬಿಗಿತ. ಎಂಆರ್‌ಐನಲ್ಲಿ ಮೆದುಳಿನಾಳದ ಗ್ಲೋಬಸ್ ಪ್ಯಾಲಿಡಸ್ ಎಂಬ ಭಾಗ ಎರಡೂ ಕಡೆ ಹಾಳಾಗಿರುವುದು ಕಾಣಬಹುದು. ಮನೆಯವರಿಗೆ ಇದನ್ನು ಮೊದಲೇ ಹೇಳಿ, ಆರು ವಾರಕ್ಕೆ ಮರುಭೇಟಿ ಬರೆದುಕೊಡಬೇಕು.

ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಲದೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಮತ್ತೆ ಲೆಕ್ಕಕ್ಕೆ ಬನ್ನಿ. ಗೀಸರ್ ನಿಮಿಷಕ್ಕೆ 28 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಕೋಣೆಯಲ್ಲಿ ಅದು ಶೇ 0.5 ದಾಟಬಾರದೆಂದರೆ ನಿಮಿಷಕ್ಕೆ 5,600 ಲೀಟರ್ ಹೊಸ ಗಾಳಿ ಬೇಕು, ಅಂದರೆ ಹೆಚ್ಚುಕಡಿಮೆ ಪ್ರತಿ ನಿಮಿಷಕ್ಕೂ ಕೋಣೆಯ ಗಾಳಿಯೆಲ್ಲ ಬದಲಾಗಬೇಕು. 75 ಸೆಂಟಿಮೀಟರ್ ಅಗಲದ ಬಾಗಿಲ ಕೆಳಗೆ ಒಂದು ಸೆಂಟಿಮೀಟರ್ ಸಂದಿ ಇದ್ದರೆ, ಅಷ್ಟು ಗಾಳಿ ಒಳಬರಲು ಅದು ಗಂಟೆಗೆ 40 ಕಿಲೋಮೀಟರ್ ಮೀರಿದ ವೇಗದಲ್ಲಿ ನುಗ್ಗಬೇಕು. ಬಚ್ಚಲುಮನೆಯ ಆರಿಂಚಿನ ಫ್ಯಾನಿಗೆ ಅಷ್ಟು ಎಳೆಯುವ ಶಕ್ತಿ ಇಲ್ಲ. ರೆಕ್ಕೆ ತಿರುಗುತ್ತಿರುತ್ತದೆ, ಸದ್ದು ಬರುತ್ತಿರುತ್ತದೆ, ಒಳಬರುವ ದಾರಿ ಇಲ್ಲದ್ದರಿಂದ ಗಾಳಿ ಸರಿಯಾಗಿ ಚಲಿಸುವುದೇ ಇಲ್ಲ. ಕೆಲವು ಗೀಸರುಗಳಲ್ಲಿ 20 ನಿಮಿಷಕ್ಕೆ ತಾನೇ ಆರುವ ಟೈಮರ್ ಇರುತ್ತದೆ, ಆದರೆ ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಎಣಿಕೆ ಮೊದಲಿನಿಂದ. ಕೆಲವದರಲ್ಲಿ ಆಕ್ಸಿಜನ್ ಇಳಿದರೆ ಆರಿಸುವ ಸಂವೇದಕ ಇರುತ್ತದೆ, ಇಂಥವು ಸಾಮಾನ್ಯವಾಗಿ ಶೇ 18ರ ಸುಮಾರಿಗೆ ಕೆಲಸ ಮಾಡುತ್ತವೆ. ಇದ್ದರೆ ಒಳ್ಳೆಯದೇ, ಆದರೆ ಮಸಿ ಕಟ್ಟಿದ ಬರ್ನರ್ ಆಕ್ಸಿಜನ್ ಸಾಕಷ್ಟಿರುವಾಗಲೇ ಮೊನಾಕ್ಸೈಡ್ ಬಿಡುತ್ತದೆ, ಅದನ್ನು ಈ ಸಂವೇದಕ ಹಿಡಿಯದು.

ಪರಿಹಾರ ಒಂದೇ: ಗೀಸರನ್ನು ಬಚ್ಚಲುಮನೆಯಿಂದ ಹೊರಗೆ, ಬಾಲ್ಕನಿಗೋ ತೆರೆದ ಯುಟಿಲಿಟಿಗೋ ಒಯ್ದು, ಬಿಸಿನೀರಿನ ಕೊಳವೆಯನ್ನಷ್ಟೇ ಒಳಗೆ ತರುವುದು. ಕೊಳವೆಗೆ ಸಿಪಿವಿಸಿ ಬಳಸಿ, ಸಾಮಾನ್ಯ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಹತ್ತು ಅಡಿ ದೂರವಾದರೆ ಬಿಸಿನೀರು ಬರಲು ಕೆಲವು ಸೆಕೆಂಡು ತಡವಾಗುತ್ತದೆ, ಅಷ್ಟೇ ನಷ್ಟ. ಯುಟಿಲಿಟಿಗೆ ಗಾಜು ಹಾಕಿ ಮುಚ್ಚಿದ್ದರೆ ಅದು ಇನ್ನೊಂದು ಬಚ್ಚಲುಮನೆಯೇ. ಗೀಸರಿನ ನೆತ್ತಿ ಬಚ್ಚಲುಮನೆಯ ಅಥವಾ ಮಲಗುವ ಕೋಣೆಯ ಕಿಟಕಿಯ ಕೆಳಗೆ ಬರದಂತೆಯೂ ನೋಡಿಕೊಳ್ಳಿ, ಬಿಸಿ ಗಾಳಿ ಮೇಲೇರಿ ನೇರ ಒಳಗೆ ಬರುತ್ತದೆ.

ಬಾಡಿಗೆ ಮನೆ, ಮಾಲೀಕರು ಗೋಡೆ ಕೊರೆಯಲು ಬಿಡುವುದಿಲ್ಲ ಎಂದರೆ, ಸ್ಥಳಾಂತರ ಆಗುವ ತನಕ ಹೀಗೆ ಮಾಡಿ: ಬಾಗಿಲು ಕಿಟಕಿ ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಇನ್ನೈದು ನಿಮಿಷ ಬಿಟ್ಟು ಒಳಗೆ ಹೋಗಿ. ಸ್ನಾನ ಮಾಡುವಾಗ ಬೆಂಕಿ ಉರಿಯುತ್ತಿರಬಾರದು. ಒಳಗಿನ ಉದ್ದ ಚಿಲಕ ತೆಗೆಸಿ, ಹೊರಗಿಂದ ನಾಣ್ಯದಿಂದ ತಿರುಗಿಸಬಹುದಾದ ಲಾಕ್ ಹಾಕಿಸಿ. ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಮೊದಲು, ಬರ್ನರ್ ಮತ್ತು ತಾಮ್ರದ ರೆಕ್ಕೆ ಬಿಚ್ಚಿ ಸ್ವಚ್ಛ ಮಾಡಿಸಿ, ಕೊಳವೆಯ ಸುಣ್ಣ ತೆಗೆಸಿ.

ಅಲಾರಂ ಕೊಳ್ಳುವವರು ಪೆಟ್ಟಿಗೆಯ ಮೇಲೆ ಕಾರ್ಬನ್ ಮೊನಾಕ್ಸೈಡ್ ಎಂದು ಬರೆದಿದೆಯೇ ನೋಡಿ. ಅಡುಗೆಮನೆಗೆ ಮಾರುವ ಗ್ಯಾಸ್ ಲೀಕ್ ಡಿಟೆಕ್ಟರ್ ಬೇರೆ ಸಾಧನ, ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಅದನ್ನು ನೆಲದ ಹತ್ತಿರ ಹಾಕುತ್ತಾರೆ, ಮೊನಾಕ್ಸೈಡ್ ಅದಕ್ಕೆ ಕಾಣದು. ಮೊನಾಕ್ಸೈಡ್ ಗಾಳಿಯಷ್ಟೇ ಹಗುರ, ಎಲ್ಲ ಕಡೆ ಬೆರೆಯುತ್ತದೆ, ಅಲಾರಂ ಉಸಿರಾಟದ ಎತ್ತರದಲ್ಲಿ ಇರಲಿ. ಯುರೋಪಿನ ಮಾನದಂಡದ ಅಲಾರಂಗಳು 50 ಪಿಪಿಎಂಗೆ 60-90 ನಿಮಿಷದಲ್ಲಿ, 100ಕ್ಕೆ 10-40 ನಿಮಿಷದಲ್ಲಿ, 300ಕ್ಕೆ 3 ನಿಮಿಷದೊಳಗೆ ಕೂಗಬೇಕು. ಬಚ್ಚಲುಮನೆಯೊಳಗಿನ ಹಬೆ ಸಂವೇದಕವನ್ನು ಕೆಡಿಸುವುದರಿಂದ ಅದನ್ನು ಬಾಗಿಲ ಹೊರಗೆ ಹಾಕುವುದು ವಾಡಿಕೆ. ಹಾಗೆ ಹಾಕಿದಾಗ ಅದು ಕಾಯುವುದು ಹೊರಗಿನವರನ್ನು, ಒಳಗೆ ಚಿಲಕ ಹಾಕಿಕೊಂಡವರನ್ನಲ್ಲ. ಆದ್ದರಿಂದ ಅಲಾರಂ ಇದೆಯೆಂದು ಗೀಸರನ್ನು ಒಳಗೇ ಬಿಡಬೇಡಿ. ಸಂವೇದಕಕ್ಕೂ ಆಯುಷ್ಯ ಇದೆ, ಕೊನೆಯ ದಿನಾಂಕ ಹಿಂಬದಿಯಲ್ಲಿ ಬರೆದಿರುತ್ತದೆ. ಟೆಸ್ಟ್ ಗುಂಡಿ ಒತ್ತಿದಾಗ ಬರುವ ಸದ್ದು ಬ್ಯಾಟರಿ ಮತ್ತು ಬಜರ್ ಸರಿಯಿವೆ ಎಂದಷ್ಟೇ ಹೇಳುತ್ತದೆ.